ಗಾಜಿನ ಸಿಂಬೆ

ಕಾರ್ತಿಕದ ಹದ ಮಳೆಯೊಂದು ಬಿದ್ದು ನೆಲ ಮೆತ್ತಗಾಗಿತ್ತು. ಮಡಕಶಿರದ ಸುತ್ತಿನ ಹೊಲಗಳಲ್ಲೆಲ್ಲ ಜನ ಬೆನ್ನು ಬಗ್ಗಿಸಿ ಕಡಲೆಕಾಯಿ ಗಿಡ ಕೀಳುತ್ತಿದ್ದರು. ಕೆಂಪು ಮಣ್ಣಿನ ಹಸಿ ಆರುವುದರೊಳಗೆ ಕಿತ್ತು ಮುಗಿಸಬೇಕು. ನೆಲ ಬಿಗಿದುಕೊಂಡರೆ ಗಿಡ ಮಾತ್ರ ಕೈಗೆ ಬಂದು ಕಾಯಿ ಒಳಗೇ ಉಳಿಯುತ್ತದೆ. ಕದಿರಮ್ಮನ ಹೊಲದಲ್ಲಿ ಹೊತ್ತು ಮೂಡುವ ಮೊದಲೇ ಮೂವರು ಹೆಂಗಸರು ಸಾಲು ಹಿಡಿದಿದ್ದರು. ನಡುವೆ ಹೊಲದೊಡತಿ ಕದಿರಮ್ಮ, ಅವಳ ಎಡಕ್ಕೆ ದುರುಗಕ್ಕ, ಬಲಕ್ಕೆ ನಾಗಮಣಿ. ನಾಗಮಣಿಯ ಕೈ ಗಿಡದ ಬುಡ ಹಿಡಿದು ಜಗ್ಗಿ, ಒಮ್ಮೆ ಕೊಡವಿ ಮಣ್ಣು ಉದುರಿಸಿ, ಕಾಯಿ ಮೇಲಾಗುವಂತೆ ಮಲಗಿಸಿ ಮುಂದಕ್ಕೆ ಸರಿಯುತ್ತಿತ್ತು. ಈ ಕೆಲಸಕ್ಕೆ ಮನಸ್ಸು ಬೇಕಾಗಿರಲಿಲ್ಲ. ಬಿಡುವಾಗಿದ್ದ ಮನಸ್ಸು ಇವತ್ತು ಬರಬಾರದಿತ್ತು ಎಂದು ಒಂದು ಗಿಡಕ್ಕೆ ಅನ್ನುತ್ತಿತ್ತು, ಬರದೆ ಹೋಗಿದ್ದರೆ ಏನಂದುಕೊಳ್ಳುತ್ತಿದ್ದರು ಎಂದು ಮುಂದಿನ ಗಿಡಕ್ಕೆ ಅನ್ನುತ್ತಿತ್ತು.

ಅವಳು ಬಂದದ್ದು ಕೂಲಿಗಲ್ಲ, ಮುಯ್ಯಾಳಿಗೆ. ಹೋದ ವರ್ಷದ ಸುಗ್ಗಿಯ ಕೊನೆಯಲ್ಲಿ ಕದಿರಮ್ಮ ಇವಳ ಹೊಲದಲ್ಲಿ ಒಂದು ದಿನ ದುಡಿದಿದ್ದಳು. ಆ ದಿನ ಇವಳ ಮೇಲೆ ಹಾಗೇ ಉಳಿದಿತ್ತು. ಹಾಗೆ ಉಳಿಯುವುದೇ ಪದ್ಧತಿ. ನಾಗಮಣಿ ಮದುವೆಯಾಗಿ ಈ ಊರಿಗೆ ಬಂದಂದಿನಿಂದ ಎರಡೂ ಮನೆಯ ಮುಯ್ಯಿ ಒಮ್ಮೆಯೂ ಸರಿಸಮ ಆಗಿರಲಿಲ್ಲ. ತೀರಿಸುವವಳು ಸಂಜೆ ಹೊಲ ಬಿಡುವ ಮುಂಚೆ ‘ನಮ್ಮದು ಇಂಥ ದಿನ’ ಎಂದು ತನ್ನ ಹೊಲಕ್ಕೆ ಕರೆದೇ ಹೋಗಬೇಕು. ಕರೆಯದೆ ಹೋದರೆ ಇನ್ನು ನಿಮ್ಮ ಮನೆಗೂ ನಮ್ಮ ಮನೆಗೂ ಏನೂ ಉಳಿದಿಲ್ಲ ಎಂದು ಅರ್ಥ. ಊರಿನಲ್ಲಿ ಅಣ್ಣತಮ್ಮಂದಿರು ಮಾತು ಬಿಟ್ಟಾಗ ಹಾಗಾದದ್ದನ್ನು ಅವಳು ನೋಡಿದ್ದಳು. ಬಂಡಿದಾರಿಯ ಆಚೆ ಅವಳ ಹೊಲದಲ್ಲಿ ಒಂದು ಗಿಡವೂ ಕಿತ್ತಿರಲಿಲ್ಲ. ಗಂಡ ರಾಮಾಂಜಿ ಕುರಿ ಹೊಡೆದುಕೊಂಡು ಕಣೇಕಲ್ಲಿನ ಗದ್ದೆಬಯಲಿಗೆ ಹೋದವನು ಸಂಕ್ರಾಂತಿಯ ತನಕ ಬರುವವನಲ್ಲ. ಸಂಜೆ ಕರೆಯಬೇಕು, ಕರೆಯದಿದ್ದರೆ ಒಬ್ಬಳೇ ಕೀಳಬೇಕು. ಕರೆದರೆ ಕದಿರಮ್ಮನ ಜೊತೆ ಅವಳ ಸೊಸೆ ಆಶಾರಾಣಿಯೂ ಬರುತ್ತಾಳೆ, ಬಂದು ತನ್ನ ಹೊಲದಲ್ಲಿ ಬಗ್ಗುತ್ತಾಳೆ, ತನ್ನ ತಣಿಗೆಯಲ್ಲಿ ಉಣ್ಣುತ್ತಾಳೆ, ಅಕ್ಕಾ ಅನ್ನುತ್ತಾಳೆ.

ದುರುಗಕ್ಕನ ಬಾಯಿ ಕೈಗಿಂತ ಚುರುಕು. “ಕದಿರಕ್ಕ, ನಿನ್ ಸೊಸೆಗೆ ಇವಾಗ ಬಗ್ಗಾಕೆ ಬತ್ತದಾ? ನಿಂತ್ಕಂಡು ಕೆಲ್ಸ ಮಾಡೋ ಆಫೀಸರಮ್ಮ ಆಗವ್ಳೆ.”

“ಮಧ್ಯಾಹ್ನದ ಮೇಲೆ ಬತ್ತಾಳೆ. ಭಾನುವಾರವೂ ಕರೀತಾರಂತೆ, ಅವಳಾದ್ರೂ ಏನ್ ಮಾಡಾಳು.”

“ಬರ್ಲಿ ಬರ್ಲಿ. ನಾವು ಕಿತ್ತ ಗಿಡಕ್ಕೆ ಒಳ್ಳೇದು ಕೆಟ್ಟದ್ದು ಅಂತ ಸ್ಟಿಕ್ಕರ್ ಅಂಟಿಸ್ಕೊಂಡು ಹಿಂದಿಂದೆ ಬರ್ಲಿ.”

ಕದಿರಮ್ಮ ನಕ್ಕಳು. ನಾಗಮಣಿಯೂ ನಕ್ಕಳು, ನಗದಿದ್ದರೆ ಎದ್ದು ಕಾಣುತ್ತಿತ್ತು. ಹಿಂದೂಪುರದ ರಸ್ತೆಯ ಗಾರ್ಮೆಂಟ್ಸಿನಲ್ಲಿ ನಾಗಮಣಿ, ಆಶಾರಾಣಿ ಅಕ್ಕಪಕ್ಕದ ಮಿಷನ್ನಿನಲ್ಲಿ ವರ್ಷಗಟ್ಟಲೆ ಕೂತವರು. ಕಂಪನಿಯ ಬಸ್ಸು ಊರಬಾಗಿಲಿಗೇ ಬರುತ್ತಿತ್ತು. ಒಬ್ಬಳು ಪ್ಯಾಂಟಿನ ಹಿಂದಿನ ಜೇಬು ಕೂರಿಸಿದರೆ ಇನ್ನೊಬ್ಬಳು ಅದರ ಬಾಯಿಗೆ ಹೊಲಿಗೆ ಹಾಕುತ್ತಿದ್ದಳು. ಈಗ ಆಶಾರಾಣಿ ಚೆಕಿಂಗ್ ಟೇಬಲ್ಲಿನ ಹತ್ತಿರ ನಿಲ್ಲುತ್ತಾಳೆ. ನಾಗಮಣಿ ಮನೆಯಲ್ಲಿದ್ದಾಳೆ. ಇದು ಹೇಗಾಯಿತೆಂದು ಕದಿರಮ್ಮ ಕೇಳಿರಲಿಲ್ಲ, ಸೊಸೆ ಹೇಳಿದ್ದನ್ನು ನಂಬಿದ್ದಳು: ಬೆಂಗಳೂರಿನವರು ಇಬ್ಬರ ಮಾತೂ ಕೇಳಿಸಿಕೊಳ್ಳಲಿಲ್ಲವಂತೆ, ದೊಡ್ಡವರೆಲ್ಲ ಒಂದೇ ಅಂತೆ. ಬೆಳಿಗ್ಗೆ ನಾಗಮಣಿ ಹೊಲಕ್ಕೆ ಕಾಲಿಟ್ಟಾಗ ಮುದುಕಿ ಅವಳ ಹುಬ್ಬಿನ ಮೇಲಿನ ಗಾಯದ ಗುರುತನ್ನು ಹೆಬ್ಬೆರಳಿಂದ ಮುಟ್ಟಿ, ಮಾಯ್ತಾ ಮಗ ಎಂದು ಕೇಳಿದ್ದಳು. ಆ ಒರಟು ಬೆರಳು ತಾಕಿದಾಗ ಅಳು ಬಂದಂತಾಗಿ ನಾಗಮಣಿ ಸೀರೆ ಎತ್ತಿ ಕಟ್ಟುವ ನೆಪದಲ್ಲಿ ತಿರುಗಿಕೊಂಡಿದ್ದಳು.

ಆ ಗಾಯ ಪ್ಯಾಂಟಿನ ಜಿಪ್ಪಿನದು. ರಿಪೇರಿಗೆ ವಾಪಸು ಬಂದಿದ್ದ ಪ್ಯಾಂಟುಗಳ ಕಟ್ಟನ್ನು ಫ್ಲೋರ್ ಇನ್‌ಚಾರ್ಜು ಅವಳ ಮುಖದ ಮೇಲೆ ಎಸೆದಿದ್ದ. ಮಣ್ಣು ಕೆದರುವವರನ್ನು ತಂದು ಮಿಷನ್ ಮೇಲೆ ಕೂರಿಸಿದರೆ ಇಷ್ಟೇ ಎಂದು ಅಂದಿದ್ದ. ರಕ್ತಕ್ಕಿಂತ ಆ ಮಾತು ಉರಿಯಿತು. ಅದು ಅವಳಿಗೆ ಮಾತ್ರ ಅಂದದ್ದಲ್ಲ, ಸಾಲಿನಲ್ಲಿದ್ದವರೆಲ್ಲ ಮಣ್ಣು ಕೆದರುವವರೇ. ಆದರೆ ಅಂದ ಹೊತ್ತಿನಲ್ಲಿ ಎಲ್ಲರ ಮಿಷನ್ನುಗಳೂ ಇನ್ನಷ್ಟು ಜೋರಾಗಿ ಓಡಿದವು. ಆಶಾರಾಣಿ ಮಾತ್ರ ಮಿಷನ್ ನಿಲ್ಲಿಸಿ, ತನ್ನ ಸೆರಗಿನ ತುದಿಯಿಂದ ರಕ್ತ ಒತ್ತಿ ಹಿಡಿದಿದ್ದಳು. ಹೆಡ್ ಆಫೀಸಿನ ಮೇಡಮ್ಮು ಯೂನಿಟ್ಟಿಗೆ ಬಂದ ದಿನ ನಾಗಮಣಿ ಎದ್ದುನಿಂತು ಹೇಳಿದಳು. ನೋಡಿದವರು ಯಾರಾದರೂ ಇದ್ದಾರಾ ಎಂದು ಮೇಡಮ್ಮು ಕೇಳಿದಾಗ ಆಶಾರಾಣಿ ಕೈ ಎತ್ತಿದಳು. ಆ ಕೈ ಎತ್ತಿದ್ದು ಸುಳ್ಳಲ್ಲ, ಅದನ್ನು ನಾಗಮಣಿ ಈಗಲೂ ಸುಳ್ಳು ಅನ್ನಲಾರಳು. ಇಬ್ಬರೂ ಬೆಂಗಳೂರಿಗೆ ಬನ್ನಿ, ಅಲ್ಲಿ ವಿಚಾರಣೆ ಎಂದರು. ಆ ಸಾಕ್ಷಿ ತನಗೆ ಸಲ್ಲಬೇಕಾದದ್ದೇ ಎಂದು ನಾಗಮಣಿ ಅಂದುಕೊಂಡಿದ್ದಳು. ಆಶಾರಾಣಿಯ ಮಗುವಿಗೆ ಜ್ವರ ಬಂದು ಅವಳ ಕೈ ಕೆಲಸದಲ್ಲಿ ಓಡದೆ ಹೋದ ದಿನಗಳಲ್ಲಿ ನಾಗಮಣಿ ತನ್ನ ಕಟ್ಟು ಮುಗಿಸಿ ಅವಳ ಕಟ್ಟನ್ನೂ ಎಳೆದುಕೊಂಡು ಹೊಲಿದಿದ್ದಳು, ನೀರು ಕುಡಿಯಲೂ ಏಳದೆ. ಅದು ಮುಯ್ಯಿ, ಇದು ಅದರ ತೀರುವಳಿ. ಬಾಯಿಬಿಟ್ಟು ಹೇಳಿರಲಿಲ್ಲ. ಮುಯ್ಯಿಯನ್ನು ಯಾರು ಬಾಯಿಬಿಟ್ಟು ಹೇಳುತ್ತಾರೆ?

ಗೌರಿಬಿದನೂರು ದಾಟಿ, ಮೆಜೆಸ್ಟಿಕ್ಕಿನಲ್ಲಿ ಬಸ್ಸು ಬದಲಿಸಿ, ಆಟೋದವನು ಬೈಯುತ್ತ ಇಳಿಸಿದಾಗ ಆ ಕಟ್ಟಡ ಎದುರಿಗಿತ್ತು. ಅಂಥದ್ದನ್ನು ಇಬ್ಬರೂ ಕಂಡಿರಲಿಲ್ಲ. ಗೋಡೆಯಿಲ್ಲ, ಮೂಲೆಯಿಲ್ಲ. ದುಂಡಗೆ, ನಡುವೆ ಬಯಲು ಬಿಟ್ಟು, ಒಂದರ ಮೇಲೊಂದು ಗಾಜಿನ ಬಳೆ ಪೇರಿಸಿದಂತೆ. ಪೇರಿಸಿದವನ ಕೈ ನಡುಗಿತೋ ಏನೋ, ಒಂದೊಂದು ಬಳೆಯೂ ಕೆಳಗಿನದಕ್ಕಿಂತ ಒಂದಿಷ್ಟು ಪಕ್ಕಕ್ಕೆ ಜಾರಿತ್ತು. ಬಳೆ ಬಿಲ್ಡಿಂಗು ಎಂದೇ ಜನ ಕರೆಯುತ್ತಾರೆಂದು ಬಾಗಿಲಲ್ಲಿ ಕೂತ ಹುಡುಗಿ ಆಮೇಲೆ ಹೇಳಿದಳು. ನಾಗಮಣಿಗೆ ಅದು ಬಳೆಯಂತೆ ಕಾಣಲಿಲ್ಲ. ನೀರು ಹೊರುವಾಗ ತಲೆಯ ಮೇಲೆ ಇಟ್ಟುಕೊಳ್ಳುವ ಬಟ್ಟೆಯ ಸುರುಳಿ, ಸಿಂಬೆ, ಅದರಂತೆ ಕಂಡಿತು. ಸಿಂಬೆಯ ಮೇಲೆ ಸಿಂಬೆ, ಆಕಾಶದ ತನಕ. ಅದನ್ನೇ ಹೇಳಿದಾಗ ಆಶಾರಾಣಿ ಅವಳ ತೋಳು ಹಿಡಿದು ನಕ್ಕಿದ್ದಳು: “ಇಷ್ಟೊಂದು ಸಿಂಬೆ ಸುತ್ತಿ ಕೊಡ ಹೊರೋರು ಎಲ್ಲೋದ್ರಕ್ಕ?” ಬಿಸಿಲಿಗೆ ಗಾಜು ಕಣ್ಣು ಚುಚ್ಚುತ್ತಿತ್ತು. ಇಬ್ಬರೂ ರಸ್ತೆಯಲ್ಲೇ ನಿಂತು ನಕ್ಕರು, ವಾಚ್‌ಮನ್ ನೋಡುವಷ್ಟು. ಅಷ್ಟು ಹತ್ತಿರದಲ್ಲಿದ್ದಳು ಆಗ. ಬೆವರಿದ ಅಂಗೈ, ಅದರಲ್ಲಿ ಸೂಜಿ ಹಾದ ಹಳೆಯ ಗಂಟು, ಎಲ್ಲ ತೋಳಿಗೆ ಗೊತ್ತಾಗುತ್ತಿತ್ತು.

“ನಾಗಮಣಿ, ನಿನ್ ಸಾಲಿನಾಗೆ ಗಿಡ ಬಿಟ್ಟೋಯ್ತು ನೋಡು,” ಎಂದಳು ದುರುಗಕ್ಕ. ನಾಗಮಣಿ ಹಿಂದಕ್ಕೆ ಹೋಗಿ ಕಿತ್ತು ಬಂದಳು. ಬಿಟ್ಟುಹೋದದ್ದು ಒಂದೇ ಗಿಡ, ಆದರೂ ಮುಖ ಬಿಸಿಯಾಯಿತು. ಇಂಥ ಚಿಕ್ಕ ಮಾತುಗಳೂ ಈಚೆಗೆ ಒಳಗೆ ಹೋಗಿ ಕೂರುತ್ತಿದ್ದವು.

ಆ ಕಟ್ಟಡದ ಒಳಗೆ ಅವಳಿಗೆ ಮೊದಲು ಅವಮಾನವಾದದ್ದು ಬಚ್ಚಲಿನ ವಿಷಯಕ್ಕೆ. ಮೊದಲನೆಯ ಅಂತಸ್ತಿನ ಕುರ್ಚಿಯಲ್ಲಿ ಕಾಯಲು ಹೇಳಿದ್ದರು. ಮುಂಜಾನೆ ಬಿಟ್ಟ ಮನೆ. ತಡೆಯಲಾರದೆ ಎದ್ದು ಹುಡುಕುತ್ತ ಹೋದಳು. ಆ ಓಣಿ ಬಳಸಿಕೊಂಡು ಬಳಸಿಕೊಂಡು ಹೋಗಿ ಕೊನೆಗೆ ಅದೇ ಕುರ್ಚಿಯ ಮುಂದೆ ಅವಳನ್ನು ತಂದು ನಿಲ್ಲಿಸಿತು. ಬಾಗಿಲು ಯಾವುದು ಗೋಡೆ ಯಾವುದು ತಿಳಿಯದಂತೆ ಎಲ್ಲಕ್ಕೂ ಒಂದೇ ಬಣ್ಣ. ಇನ್ನೊಂದು ಸುತ್ತು ಹೋದಳು. ಮತ್ತೆ ಕುರ್ಚಿ. ಆ ಅಂತಸ್ತಿನ ಬಾಗಿಲಲ್ಲಿ ಕೂತ ಹುಡುಗಿ ತಲೆಯೆತ್ತಿ ನೋಡಿದಳು, ಏನು ಬೇಕಮ್ಮ ಎಂದಳು. ಕೋಟು ಹಾಕಿದ ಇಬ್ಬರು ಗಂಡಸರು ಪಕ್ಕದಲ್ಲೇ ನಿಂತಿದ್ದರಿಂದ ಏನಿಲ್ಲ ಎಂದು ಕೂತುಬಿಟ್ಟಳು. ಕಟ್ಟಿಕೊಂಡೇ ಕೂತಳು. ಮೂಲೆಯಿಲ್ಲದ ಮನೆಯಲ್ಲಿ ಪೊರಕೆ ಎಲ್ಲಿಡುತ್ತಾರೆ, ಅಳು ಬಂದವಳು ಎಲ್ಲಿ ಮುಖ ತಿರುಗಿಸುತ್ತಾಳೆ ಎಂದು ಯೋಚಿಸಿದಳು. ಎದುರಿಗೆ ನಡುವಿನ ಬಯಲು. ಕೆಳಗೆ ಯಾರೂ ತುಳಿಯದ ಹುಲ್ಲು. ಅದರಾಚೆ ಇದೇ ಅಂತಸ್ತಿನ ಇನ್ನೊಂದು ಬದಿ, ಗಾಜಿನ ಕೋಣೆಗಳು, ಒಳಗೆ ಕೂತು ಏಳುವ ಜನ. ಹೆಡ್ ಆಫೀಸಿನ ಮೇಡಮ್ಮು ಒಳ್ಳೆಯವಳೇ. ಇಲ್ಲಿ ಯಾರೂ ಯಾರಿಂದಲೂ ಏನನ್ನೂ ಮುಚ್ಚಿಡಬಾರದು ಅಂತಲೇ ಹೀಗೆ ಕಟ್ಟಿಸಿದ್ದಾರಮ್ಮ, ಹೆದರದೆ ಹೇಳು ಎಂದಳು. ನಾಗಮಣಿ ಹೆದರದೆ ಹೇಳಿದಳು. ಆಮೇಲೆ ಅವಳನ್ನು ಮತ್ತೆ ಕುರ್ಚಿಗೆ ಕಳಿಸಿ ಆಶಾರಾಣಿಯನ್ನು ಕರೆದರು, ಬಯಲಿನಾಚೆಯ ಕೋಣೆಗೆ, ವಿಚಾರಣೆಯ ಆಫೀಸರನ ಎದುರಿಗೆ.

ಸಾಲಿನಲ್ಲಿ ಮಿಷನ್ನುಗಳು ಓಡುವಾಗ ಪಕ್ಕದವಳು ಕೂಗಿದರೂ ಕೇಳಿಸುವುದಿಲ್ಲ. ವರ್ಷಗಟ್ಟಲೆ ಆ ಸದ್ದಿನೊಳಗೆ ಕೂತ ಹೆಂಗಸರು ಕಿವಿ ಬಿಟ್ಟು ಕಣ್ಣಲ್ಲಿ ಕೇಳುವುದನ್ನು ಕಲಿತುಬಿಡುತ್ತಾರೆ. ಯಾರಿಗೆ ಗಂಡು ನೋಡಿದರು, ಯಾರ ಗಂಡ ಕುಡಿದು ಬಂದ, ಊಟಕ್ಕೆ ಏನು ತಂದೆ, ಎಲ್ಲವೂ ಸದ್ದಿಲ್ಲದ ತುಟಿಯಲ್ಲೇ ಸಾಲಿನ ಈ ತುದಿಯಿಂದ ಆ ತುದಿಗೆ ಹೋಗುತ್ತದೆ. ಆಶಾರಾಣಿಯ ತುಟಿ ನಾಗಮಣಿಗೆ ತನ್ನ ಮನೆಯ ಹೊಸಿಲಿನಷ್ಟು ಗೊತ್ತು. ಎರಡು ಗಾಜು, ನಡುವೆ ಬಯಲು, ಅದರಾಚೆ ಆ ಮುಖ. ಗಾಜಿನ ಮೇಲೆ ಮೋಡದ ನೆರಳು ಹಾದಾಗ ಮಾಯವಾಗುತ್ತಿತ್ತು, ಮತ್ತೆ ಬರುತ್ತಿತ್ತು. ಅವರು ಏನೋ ಕೇಳಿದರು. ಆಶಾರಾಣಿ ಮೇಜಿನ ಮೇಲಿದ್ದ ನೀರಿನ ಲೋಟವನ್ನು ಸ್ವಲ್ಪ ಆಚೆ ಸರಿಸಿದಳು. ಆಮೇಲೆ ಹೇಳಿದಳು. ಆಫೀಸರನ ಎದುರು ಬಾಯಿ ತನ್ನಷ್ಟಕ್ಕೆ ಊರ ಕಡೆಯ ಆಫೀಸುಗಳಲ್ಲಿ ಆಡುವ ತೆಲುಗಿಗೆ ಹೊರಳಿತ್ತು. ನೇನು ಚೂಡಲೇದು ಸಾರ್. ನಾನು ನೋಡಲಿಲ್ಲ. ಇನ್ನೊಮ್ಮೆ ಕೇಳಿದರು. ತಲೆ ಬಗ್ಗಿಸಿ ಹೊಲೀತಿದ್ದೆ, ಏಟು ಹೇಗಾಯ್ತೋ ಗೊತ್ತಿಲ್ಲ. ಅಷ್ಟು ನಿಧಾನವಾಗಿ, ಒಂದೊಂದು ಮಾತನ್ನೂ ಬಿಡಿಸಿ ಹೇಳಿದಳು, ಕಿವುಡರಿಗೆ ಹೇಳುವಂತೆ. ನಾಗಮಣಿ ಕುರ್ಚಿಯಿಂದ ಏಳಲಿಲ್ಲ. ಎದ್ದು ಓಡಿದ್ದರೆ ಆ ಓಣಿ ಮತ್ತೆ ಸುತ್ತಿಸಿ ಇಲ್ಲಿಗೇ ತರುತ್ತಿತ್ತು ಎಂದು ಆಗ ಅನಿಸಿತ್ತು. ನೆಪ ಅದು. ಕಾಲು ಎದ್ದಿರಲೇ ಇಲ್ಲ.

ಹೊತ್ತು ನೆತ್ತಿಗೆ ಬಂದಾಗ ತೊಗರಿ ಸಾಲಿನ ನೆರಳಲ್ಲಿ ಮುದ್ದೆ ಬಿಚ್ಚಿದರು. ಕದಿರಮ್ಮ ನಾಗಮಣಿಯ ತಟ್ಟೆಗೆ ಕೇಳದೆಯೇ ಇನ್ನೊಂದು ತುಂಡು ಮುರಿದು ಹಾಕಿದಳು. ನಾಡಿದ್ದು ನಿಮ್ಮ ಹೊಲಕ್ಕೆ ಇಳಿಯಬಹುದಲ್ಲ, ಆಮೇಲೆ ಹಸಿ ನಿಲ್ಲುವುದಿಲ್ಲ ಎಂದು ತಾನೇ ಮಾತು ತೆಗೆದಳು. ನೋಡೋಣ ಅತ್ತೆ ಎಂದಳು ನಾಗಮಣಿ. ದುರುಗಕ್ಕ ಸಾರು ಸುರಿಯುತ್ತಿದ್ದವಳು ಒಮ್ಮೆ ಕಣ್ಣೆತ್ತಿ ನೋಡಿ ಮತ್ತೆ ಸುರಿದಳು. ತಿನ್ನುತ್ತಿದ್ದ ತುತ್ತು ಮೆಜೆಸ್ಟಿಕ್ಕಿನ ದೋಸೆಯನ್ನು ನೆನಪಿಗೆ ತಂದಿತು. ಆ ಸಂಜೆ ಹೋಟೆಲಿನಲ್ಲಿ ಆಶಾರಾಣಿಯೇ ದೋಸೆ ಕೊಡಿಸಿದ್ದಳು. ಎಲ್ಲಾ ಬಿಡಿಸಿ ಹೇಳಿದೆ ಅಕ್ಕ, ಅವರ ಮುಖ ನೋಡಿದರೆ ನಂಬಿದಂಗೆ ಕಾಣಲಿಲ್ಲ ಎಂದಿದ್ದಳು. ನಾಗಮಣಿ ಹೂಂ ಅಂದಳು. ಒಳ್ಳೇದಾಯ್ತು ಬಿಡು, ಹೇಳಿದೆಯಲ್ಲ ಎಂದಳು. ಚಟ್ನಿ ಮುಗಿದಾಗ ಆಶಾರಾಣಿ ತನ್ನ ಬಟ್ಟಲು ಇತ್ತ ಸರಿಸಿದಳು, ಇವಳು ಅದನ್ನೂ ಅದ್ದಿ ತಿಂದಳು. ಹಸಿವಾಗಿತ್ತು. ಬಸ್ಸಿನಲ್ಲಿ ನಿದ್ದೆ ಬಂದವಳಂತೆ ಕಣ್ಣು ಮುಚ್ಚಿದಳು. ಅವಳ ಭುಜಕ್ಕೆ ಒರಗಿ ಆಶಾರಾಣಿ ನಿಜವಾಗಿ ನಿದ್ದೆ ಹೋದಳು. ದೊಡ್ಡಬಳ್ಳಾಪುರದಿಂದ ಊರ ತನಕ ಆ ತಲೆಯ ಭಾರವನ್ನು ಹೊತ್ತು ಕೂತಿದ್ದಳು, ಎಚ್ಚರವಾಗುತ್ತದೆಂದು ಭುಜ ಅಲುಗಿಸದೆ. ಈಗಲೂ ನೆನೆದರೆ ಮೋಸಕ್ಕಿಂತ ಹೆಚ್ಚಾಗಿ ಆ ಅಲುಗದ ಭುಜದ ಬಗ್ಗೆ ಅವಳಿಗೆ ನಾಚಿಕೆಯಾಗುತ್ತಿತ್ತು. ಆಮೇಲೆ ದೂರು ಸಾಬೀತಾಗಲಿಲ್ಲ ಎಂದರು. ಅವಳನ್ನು ದಾರ ಕತ್ತರಿಸುವ ಹೊಸ ಹುಡುಗಿಯರ ಜೊತೆ ಕೂರಿಸಿದರು. ಅವಳು ಬಸ್ಸು ಹತ್ತುವುದನ್ನು ಬಿಟ್ಟಳು. ಆಶಾರಾಣಿ ನಿಲ್ಲುವ ಕೆಲಸಕ್ಕೆ ಹೋದಳು.

ಬಿಸಿಲು ಇಳಿಯುವಾಗ ಆಶಾರಾಣಿ ಬಂದಳು. ಕಂಪನಿಯ ಗುರುತಿನ ಪಟ್ಟಿ ಇನ್ನೂ ಕೊರಳಲ್ಲೇ ಇತ್ತು. ಬದುವಿನ ಮೇಲೆ ನಿಂತು ಅದನ್ನು ಬಿಚ್ಚಿ ಚೀಲದೊಳಗೆ ಹಾಕಿ, ಸೀರೆ ಎತ್ತಿ ಕಟ್ಟಿದಳು. ದುರುಗಕ್ಕನ ಪಕ್ಕದಲ್ಲಿ ಸಾಲು ಖಾಲಿ ಇತ್ತು. ಅವಳು ಅಲ್ಲಿಗೆ ಹೋಗದೆ ಬಳಸಿ ಬಂದು ನಾಗಮಣಿಯ ಬಲಕ್ಕೆ ಹಿಡಿದಳು. ಸ್ವಲ್ಪ ಹೊತ್ತಿಗೆ ಕದಿರಮ್ಮನೂ ದುರುಗಕ್ಕನೂ ಕಿತ್ತ ಗಿಡಗಳನ್ನು ಒಂದೆಡೆ ಒಟ್ಟಲು ಹೊಲದ ಮೇಲಿನ ತುದಿಗೆ ಹೋದರು. ಆಶಾರಾಣಿಯ ಕೈ ಮೊದಲಿನಂತೆಯೇ ಓಡುತ್ತಿತ್ತು. ನಿಂತು ಕೆಲಸ ಮಾಡುವವಳಿಗೆ ಬಗ್ಗಲು ಬರುವುದಿಲ್ಲ ಎಂದವರು ನೋಡಬೇಕಿತ್ತು.

“ನಾಡಿದ್ದು ರಜಾ ಹಾಕಿವ್ನಕ್ಕ. ನಾನೂ ಅತ್ತೇನೂ ಇಬ್ರೂ ಬತ್ತೀವಿ ನಿಂ ಹೊಲುಕ್ಕೆ.”

ನಾಗಮಣಿ ಗಿಡ ಕೊಡವಿದಳು. ಇವತ್ತು ಇಡೀ ದಿನ ಬಾಯೊಳಗೆ ಹೊರಳಾಡಿದ್ದ ಮಾತು ತಾನಾಗಿ ಹೊರಬಂತು. ಅವಳು ಅಂದುಕೊಂಡಿದ್ದಷ್ಟು ಜೋರಾಗಿ ಬರಲಿಲ್ಲ. “ಆ ಗಾಜಿನ ರೂಮು ನಂಗೆ ಎದುರಿಗೇ ಇತ್ತು, ಆಶಾ. ನೀನಂದಿದ್ದೆಲ್ಲ ಕಾಣಿಸ್ತು.”

ಆಶಾರಾಣಿಯ ಕೈ ಒಂದು ಗಿಡದ ಬುಡದಲ್ಲಿ ನಿಂತಿತು. ಕೀಳಲಿಲ್ಲ, ಬಿಡಲೂ ಇಲ್ಲ. ಅಳುತ್ತಾಳೆ, ಕಾಲು ಹಿಡಿಯುತ್ತಾಳೆ, ಇಲ್ಲ ಅನ್ನುತ್ತಾಳೆ ಎಂದೆಲ್ಲ ನಾಗಮಣಿ ಅಂದುಕೊಂಡಿದ್ದಳು. ಅದು ಯಾವುದೂ ಆಗಲಿಲ್ಲ.

“ಕಾಣಿಸಿದ್ರೆ ಅವತ್ತೇ ಯಾಕೆ ಕೇಳ್ಲಿಲ್ಲ?” ಆಶಾರಾಣಿಯ ದನಿ ತಣ್ಣಗಿತ್ತು. “ಬಸ್ಸಿನಾಗೆ ಕೇಳಬೌದಾಗಿತ್ತು. ದೋಸೆ ತಿನ್ನೋವಾಗ ಕೇಳಬೌದಾಗಿತ್ತು. ನೀನು ಬೈದಿದ್ರೆ ಅಲ್ಲೇ ಎಲ್ಲಾ ಹೇಳಿಬಿಡ್ತಿದ್ದೆ. ಒಳ್ಳೇದಾಯ್ತು ಬಿಡು ಅಂದೆ ನೀನು.”

“ನನ್ ತಪ್ಪಾ?”

“ನಾನಂಗನ್ಲಿಲ್ಲ. ಬೆಂಗ್ಳೂರಿಗೆ ಹೋಗೋಕ್ ಮುಂಚೇನೇ ಆ ಇನ್‌ಚಾರ್ಜು ನನ್ನ ಕರೆಸಿ ಮಾತಾಡಿದ್ದ. ಸಾಕ್ಷಿ ಹೇಳಿದ್ರೆ ಇಬ್ರೂ ಮನೆಗೆ, ಇಲ್ದಿದ್ರೆ ಒಬ್ಳೇ ಅಂದ. ಇಬ್ರೂ ಮನೇಲಿ ಕೂತಿದ್ರೆ ನಿಂಗೇನ್ ಬರ್ತಿತ್ತು?” ಗಿಡ ಕಿತ್ತು ಮಲಗಿಸಿದಳು. “ಆದ್ರೂ ನಿನ್ ಜೊತೆ ಬಂದೆ. ಒಂದಿನ ಕೆಲ್ಸ ಬಿಟ್ಟು, ಮಗೀನ ಬಿಟ್ಟು, ಅಷ್ಟು ದೂರ ಬಂದೆ. ನೀನು ನನ್ ಕಟ್ಟು ಹೊಲ್ದಿದ್ದು ನಂಗೆ ಮರ್ತಿಲ್ಲ. ಅದಕ್ಕೇ ಬಂದೆ.”

ಅದಕ್ಕೇ ಬಂದೆ. ನಾಗಮಣಿ ಆ ಮಾತಿನ ಹತ್ತಿರವೇ ನಿಂತುಬಿಟ್ಟಳು. ಹಾಗಾದರೆ ಇವಳ ಲೆಕ್ಕದಲ್ಲಿ ತೀರಿದೆ. ದಿನಕ್ಕೆ ದಿನ, ಮೈಗೆ ಮೈ. ಮುಯ್ಯಾಳು ಬಂದು ಹೊಲದಲ್ಲಿ ನಿಂತರೆ ಸಾಕು, ಅವಳು ಎಷ್ಟು ಕಿತ್ತಳು ಎಂದು ಯಾರೂ ಕೇಳುವುದಿಲ್ಲ. ಹುಷಾರಿಲ್ಲದ ಮುದುಕಿ ಬದುವಿನ ಮೇಲೆ ಕೂತು ಎದ್ದು ಹೋದರೂ ಅದು ದಿನವೇ. ಆಶಾರಾಣಿ ಬಂದಳು, ಕೂತಳು, ಹೋದಳು. ನಿಜ ಹೇಳುವುದನ್ನು ಮುಯ್ಯಿಗೆ ಹಾಕಿಕೊಂಡವಳು ತಾನೊಬ್ಬಳೇ. ಯಾವ ಊರಿನ ಯಾವ ಹೆಂಗಸೂ ಅದನ್ನು ಹಾಗೆ ಲೆಕ್ಕ ಹಿಡಿದಿರಲಾರಳು. ತನ್ನ ಪೆದ್ದುತನ ಆ ಇಳಿಬಿಸಿಲಿನಲ್ಲಿ ನಿಚ್ಚಳವಾಗಿ ಕಂಡು ಅವಳಿಗೆ ಸಿಟ್ಟೂ ಬರಲಿಲ್ಲ, ಮೈಯೊಳಗೆ ಏನೋ ಸಡಿಲವಾದಂತಾಯಿತು. ಇದನ್ನು ಕೇಳುವ ಮುಂಚೆ ಇವಳನ್ನು ಕ್ಷಮಿಸಬಹುದಾಗಿತ್ತೇನೋ. ಇಬ್ಬರೂ ಸಾಲಿನ ತುದಿ ತನಕ ಅಕ್ಕಪಕ್ಕದಲ್ಲೇ, ಒಬ್ಬಳ ಕೈ ಇನ್ನೊಬ್ಬಳ ಕೈಗೆ ಹೆಚ್ಚುಕಡಿಮೆಯಾಗದಂತೆ, ಕಿತ್ತುಕೊಂಡು ಹೋದರು. ದೂರದಿಂದ ನೋಡಿದವರು ಎಂಥ ಜೋಡಿ ಎಂದು ಅಂದುಕೊಂಡಿರಬೇಕು.

ಹೊತ್ತು ಮುಳುಗಿತು. ಹೊಲದ ತುದಿಯಲ್ಲಿ ಹಸಿರು ಗಿಡಗಳ ಗುಡ್ಡೆ ಎದ್ದಿತ್ತು, ಹಸಿಕಾಯಿಯ ವಾಸನೆ ಎಲ್ಲ ಕಡೆ. ಕೈಗೆ ಮೆತ್ತಿದ ಮಣ್ಣು ಉಜ್ಜುತ್ತ ಕದಿರಮ್ಮ ಕೇಳಿದಳು, “ಇನ್ನ ನಿಂದು ಮಗ. ನಾಡಿದ್ದೇ ಗಟ್ಟಿ ಮಾಡ್ಕಳನಾ?”

ನಾಗಮಣಿ ಆಶಾರಾಣಿಯ ಕಡೆ ನೋಡಲಿಲ್ಲ. “ಕೂಲಿಯೋರಿಗೆ ಹೇಳಿವ್ನಿ ಅತ್ತೆ,” ಎಂದಳು.

ಅವಳು ಯಾರಿಗೂ ಹೇಳಿರಲಿಲ್ಲ. ಸುಳ್ಳು ಎಷ್ಟು ಸಲೀಸಾಗಿ ಬಂತೆಂದರೆ ನಾಲಿಗೆ ಅದನ್ನು ಮೊದಲೇ ಹದ ಮಾಡಿಟ್ಟುಕೊಂಡಿದ್ದಂತಿತ್ತು.

“ಕೂಲಿಯೋರಾ?” ಎಂದಳು ಕದಿರಮ್ಮ. ಸೊಸೆಯ ಮುಖ ನೋಡಿದಳು. ಸೊಸೆ ಚೀಲದಲ್ಲಿ ಏನೋ ಹುಡುಕುತ್ತಿದ್ದಳು. ದುರುಗಕ್ಕ ಸೆರಗು ಕೊಡವಿ, ಹಾಲು ಕರೆಯುವ ಹೊತ್ತಾಯಿತು ಎಂದು ಯಾರಿಗೂ ಅಲ್ಲದಂತೆ ಹೇಳಿ ದಾರಿ ಹಿಡಿದಳು. “ನಾನೇನ್ ಮಾಡ್ದೆ ಮಗ?” ಮುದುಕಿ ಕೇಳಿದ್ದು ಇಷ್ಟೇ. ದನಿ ಏರಲಿಲ್ಲ.

ನೀನೇನೂ ಮಾಡಿಲ್ಲ ಎಂದು ಹೇಳಬೇಕಿತ್ತು. ಹೇಳಿದರೆ ಯಾರು ಮಾಡಿದ್ದು ಎಂದೂ ಹೇಳಬೇಕಾಗುತ್ತಿತ್ತು. ಆಗ ಆ ಮನೆಯೊಳಗೆ ಈ ಮುದುಕಿ ಸೊಸೆಯ ಕೈಯ ಅನ್ನ ಹೇಗೆ ಉಣ್ಣುತ್ತಾಳೆ? ನಾಗಮಣಿ ಸುಮ್ಮನೆ ನಿಂತಳು. ಸುಮ್ಮನೆ ನಿಂತದ್ದು ಕದಿರಮ್ಮನಿಗೆ ಹೇಗೆ ಕಾಣುತ್ತಿದೆಯೆಂದು ಅವಳಿಗೆ ಗೊತ್ತಿತ್ತು.

ಕದಿರಮ್ಮ ಗುಡ್ಡೆಯ ಹತ್ತಿರ ಹೋಗಿ ಬಿಡಿಸಿಟ್ಟ ಕಾಯಿಯ ಮುಂದೆ ಕೂತಳು. ಸಂಜೆ ಹೊಲ ಬಿಡುವ ಆಳಿಗೆ ಹಸಿಕಾಯಿ ಕೊಡದೆ ಕಳಿಸುವುದಿಲ್ಲ. ಮುಯ್ಯಾಳಿಗಾದರೆ ಬೊಗಸೆ ಬೊಗಸೆ ತುಂಬಿ, ಸಾಕು ಸಾಕು ಎಂದರೂ ಬಿಡದೆ ಸೆರಗು ಜೋಲುವಷ್ಟು ಹಾಕುತ್ತಾರೆ. ಕೂಲಿಯವರಿಗೆ ಅಳೆದು ಕೊಡುತ್ತಾರೆ. ಮುದುಕಿ ಚೀಲದ ಅಡಿಯಿಂದ ಸೇರು ತೆಗೆದಳು. ಅದರಲ್ಲಿ ಕಾಯಿ ತುಂಬಿದಳು. ಬಾಯಿಗಿಂತ ಮೇಲೆ ನಿಂತದ್ದನ್ನು ಅಂಗೈಯಿಂದ ಸವರಿ ಕೆಳಗೆ ಬೀಳಿಸಿದಳು, ಒಮ್ಮೆ ಸವರಿದ್ದು ಸಾಲದೆಂದು ಇನ್ನೊಮ್ಮೆ ಸವರಿದಳು. ನಾಗಮಣಿ ಸೆರಗು ಒಡ್ಡಿದಳು.